ತಂತಿ ಮುಟ್ಟಬೇಕಾದ ಜಾಗ

2005ರಲ್ಲಿ ಕೆನಡಾದ ಟೊರಾಂಟೊದಿಂದ ಒಂದು ವರದಿ ಬಂತು. ಮಾತ್ರೆ, ಆಪ್ತಸಮಾಲೋಚನೆ ಯಾವುದಕ್ಕೂ ಬಗ್ಗದ ಖಿನ್ನತೆಯಲ್ಲಿ ವರ್ಷಗಟ್ಟಲೆ ನರಳಿದ್ದ ಆರು ಮಂದಿಯ ಮಿದುಳಿನೊಳಗೆ ತೆಳುವಾದ ತಂತಿ ಇಳಿಸಿ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿದ್ದರು. ನಮ್ಮಲ್ಲಿ ಜನ 'ಕರೆಂಟ್ ಕೊಡೋದು' ಎನ್ನುವ ಇ.ಸಿ.ಟಿ.ಗೂ ಇದಕ್ಕೂ ಬಹಳ ಅಂತರ. ಅಲ್ಲಿ ಅರಿವಳಿಕೆ ಕೊಟ್ಟು, ತಲೆಯ ಹೊರಗಿನಿಂದ ಕ್ಷಣಕಾಲ ವಿದ್ಯುತ್ ಹಾಯಿಸಿ ಸೆಳವು ಬರಿಸುತ್ತಾರೆ. ಇಲ್ಲಿ ತಂತಿ ಒಳಗೇ ಉಳಿಯುತ್ತದೆ, ವಿದ್ಯುತ್ ಸದಾ ಹರಿಯುತ್ತಿರುತ್ತದೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಎಚ್ಚರವಾಗಿಯೇ ಇದ್ದ ರೋಗಿಗಳು, ಸ್ವಿಚ್ ಹಾಕಿದಾಗ ಮನಸ್ಸು ಹಗುರಾಯಿತು ಎಂದರು. ಕೋಣೆ ಬೆಳಗಿದಂತಾಯಿತು, ಬಣ್ಣಗಳು ಗಾಢವಾಗಿ ಕಂಡವು ಎಂದವರೂ ಇದ್ದರು. ಆರು ತಿಂಗಳ ನಂತರವೂ ನಾಲ್ವರಲ್ಲಿ ಸುಧಾರಣೆ ಉಳಿದಿತ್ತು.

ತಂತಿ ಎಲ್ಲಿಗೆ ಇಳಿಯಬೇಕೆಂದು ಹೇಳಿದ್ದು ಮಿದುಳಿನ ಚಿತ್ರಣ. ನರರೋಗ ತಜ್ಞೆ ಹೆಲೆನ್ ಮೇಬರ್ಗ್ ಅವರ ತಂಡ ಅದಕ್ಕೂ ಮೊದಲು ಹಲವು ವರ್ಷ ಪೆಟ್ ಸ್ಕ್ಯಾನ್ ಮೂಲಕ ಮಿದುಳಿನ ಚಟುವಟಿಕೆಯನ್ನು ಗಮನಿಸಿತ್ತು. ಆರೋಗ್ಯವಂತರು ದುಃಖದ ಘಟನೆಯೊಂದನ್ನು ನೆನೆದಾಗ ಹಣೆಯ ಹಿಂದೆ, ನಡುಗೆರೆಯ ಬಳಿ ಆಳದಲ್ಲಿರುವ 'ಏರಿಯಾ 25' ಎಂಬ ಭಾಗದಲ್ಲಿ ರಕ್ತದ ಹರಿವು ಏರುತ್ತಿತ್ತು. ಖಿನ್ನತೆಯಿಂದ ಚೇತರಿಸಿಕೊಂಡವರಲ್ಲಿ ಅದೇ ಜಾಗದ ಚಟುವಟಿಕೆ ಇಳಿಯುತ್ತಿತ್ತು. ಮೇಬರ್ಗ್ ಮತ್ತು ಶಸ್ತ್ರವೈದ್ಯ ಆಂಡ್ರೆಸ್ ಲೋಜಾನೊ ಆ ಸುಳಿವನ್ನು ಹಿಡಿದು ಹೊರಟರು. ಮನೋರೋಗದ ಚಿಕಿತ್ಸೆಗೆ ಮಿದುಳಿನಲ್ಲಿ ಇಂಥದೇ ಜಾಗವೆಂದು ಕಾರಣಸಹಿತ ತೋರಿಸಿಕೊಟ್ಟದ್ದು ಚಿತ್ರಣದ ನಿಜವಾದ ಸಾಧನೆ.

ಆದರೆ ಆ ಚಿತ್ರವನ್ನೇ ಪುರಾವೆ ಎಂದುಕೊಂಡಲ್ಲಿ ಎಡವಟ್ಟಾಯಿತು. ಅಮೆರಿಕದಲ್ಲಿ 90 ರೋಗಿಗಳ ಮೇಲೆ 'ಬ್ರಾಡೆನ್' ಎಂಬ ದೊಡ್ಡ ಪ್ರಯೋಗ ನಡೆಯಿತು. ಎಲ್ಲರಿಗೂ ತಂತಿ ಇಳಿಸಿ, ಮೂರನೇ ಒಂದು ಭಾಗದವರಿಗೆ ಆರು ತಿಂಗಳು ವಿದ್ಯುತ್ ಹರಿಸಲಿಲ್ಲ. 2017ರಲ್ಲಿ ಪ್ರಕಟವಾದ ಫಲಿತಾಂಶ ನಿರಾಶೆ ತಂದಿತು: ವಿದ್ಯುತ್ ಪಡೆದವರಲ್ಲಿ ಶೇ. 20, ಪಡೆಯದವರಲ್ಲಿ ಶೇ. 17 ಮಂದಿಗೆ ಸುಧಾರಣೆ. ಪ್ರಯೋಗವನ್ನು ನಡುವೆಯೇ ನಿಲ್ಲಿಸಲಾಗಿತ್ತು. ಎರಡು ವರ್ಷ ಚಿಕಿತ್ಸೆ ಮುಂದುವರಿಸಿದವರಲ್ಲಿ ಸುಮಾರು ಅರ್ಧದಷ್ಟು ಜನ ಸುಧಾರಿಸಿದ್ದು ನಿಜ. ಆದರೆ ಅಷ್ಟು ಹೊತ್ತಿಗೆ ಹೋಲಿಸಿ ನೋಡಲು ಚಿಕಿತ್ಸೆಯಿಲ್ಲದ ಗುಂಪೇ ಉಳಿದಿರಲಿಲ್ಲ.

ಇಲ್ಲಿಂದ ಮುಂದಿನದು ಈ ಸಂಶೋಧನೆಯ ಬಗ್ಗೆ ನನಗೆ ಗೌರವ ಹುಟ್ಟಿಸಿದ ಭಾಗ. ಸೋಲನ್ನು ಮುಚ್ಚಿಡದೆ, ಮೇಬರ್ಗ್ ಅವರ ತಂಡ ಮತ್ತೆ ಚಿತ್ರಣಕ್ಕೇ ಪ್ರಶ್ನೆ ಹಾಕಿತು: ಗುಣವಾದವರ ತಂತಿ ಏನನ್ನು ಮುಟ್ಟುತ್ತಿತ್ತು? ಎಂ.ಆರ್.ಐ. ಮೂಲಕ ನರತಂತುಗಳ ಹಾದಿ ಗುರುತಿಸಿದಾಗ, ನಾಲ್ಕು ತಂತುಕಟ್ಟುಗಳು ಕೂಡುವ ಜಾಗ ಮುಖ್ಯವೆಂದು ಕಂಡಿತು. ಊರು ಸರಿಯಾಗಿದ್ದರೂ ಕೂಡುದಾರಿ ತಪ್ಪಿತ್ತು ಎನ್ನಬಹುದು. ಕೆಲವೇ ಮಿಲಿಮೀಟರ್ ಆಚೀಚೆಯಾದರೂ ತಂತಿ ಬೇರೆ ಬೇರೆ ತಂತುಗಳನ್ನು ತಟ್ಟುತ್ತದೆ. ಪ್ರತಿ ರೋಗಿಯ ಸ್ವಂತ ನಕ್ಷೆಯನ್ನು ಹಿಡಿದು ತಂತಿ ಇಳಿಸಿದ 2018ರ ಅಧ್ಯಯನದಲ್ಲಿ 11 ಮಂದಿಯ ಪೈಕಿ 9 ಮಂದಿ ಒಂದು ವರ್ಷದ ಹೊತ್ತಿಗೆ ಸುಧಾರಿಸಿದ್ದರು.

ಅಂಕಿ ಆಸೆ ಹುಟ್ಟಿಸುತ್ತದೆ, ಆದರೆ ಹೋಲಿಕೆಯ ಗುಂಪು ಇಲ್ಲಿಯೂ ಇರಲಿಲ್ಲ. ಆ ನಕ್ಷೆಯೂ ನರತಂತುವನ್ನು ನೇರವಾಗಿ ಕಾಣುವುದಿಲ್ಲ. ನೀರಿನ ಅಣುಗಳು ಯಾವ ದಿಕ್ಕಿಗೆ ಸರಿಯುತ್ತವೆ ಎಂಬುದರಿಂದ ಹಾದಿಯನ್ನು ಊಹಿಸುತ್ತದೆ. ಸ್ಪಷ್ಟವಾದ ಚಿತ್ರದಿಂದ ಒಳ್ಳೆಯ ಫಲ ಬಂದೇ ಬರುತ್ತದೆ ಎನ್ನುವಂತೆಯೂ ಇಲ್ಲ. ಬ್ರಿಟನ್ನಿನ 'ಬ್ರೈಟ್‌ಮೈಂಡ್' ಪ್ರಯೋಗ ತಲೆಯ ಹೊರಗಿನಿಂದ ಅಯಸ್ಕಾಂತೀಯ ಪ್ರಚೋದನೆ ನೀಡುವ ಚಿಕಿತ್ಸೆಯನ್ನು 255 ಮಂದಿಯಲ್ಲಿ ಪರೀಕ್ಷಿಸಿತು. ಮಿದುಳಿನ ಭಾಗಗಳ ಸಂಪರ್ಕವನ್ನು ಅಳೆದು ಗುರಿ ಹಿಡಿದ ವಿಧಾನ ಒಂದು ಗುಂಪಿಗೆ, ಸಾಮಾನ್ಯ ಎಂ.ಆರ್.ಐ. ನೋಡಿ ಗುರಿ ಹಿಡಿದ ಇನ್ನೊಂದು ವಿಧಾನ ಮತ್ತೊಂದು ಗುಂಪಿಗೆ. ಎರಡರಲ್ಲೂ ರೋಗಿಗಳು ಸುಧಾರಿಸಿದರು. 2024ರ ವರದಿಯ ಪ್ರಕಾರ ಮೊದಲನೆಯದು ಹೆಚ್ಚೇನೂ ಗಳಿಸಿಕೊಡಲಿಲ್ಲ.

2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಬೇರೆ ದಿಕ್ಕು ತೋರಿಸಿತು. ಒಳಗಿಟ್ಟ ತಂತಿಯಿಂದಲೇ ಮಿದುಳಿನ ವಿದ್ಯುತ್ ಸಂಕೇತ ಕೇಳಿಸಿಕೊಂಡು, ಚೇತರಿಕೆಯ ಗುರುತನ್ನು ಹುಡುಕಿದರು. ಜೊತೆಗೆ ಸಂದರ್ಶನದ ವೀಡಿಯೊಗಳಲ್ಲಿ ರೋಗಿಗಳ ಮುಖಭಾವ ಹೇಗೆ ಬದಲಾಗುತ್ತ ಹೋಯಿತೆಂದೂ ನೋಡಿದರು. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಅನುಕೂಲವಾಗಿತ್ತು. ಇದರಲ್ಲಿ ನನಗೆ ಮೆಚ್ಚಿಗೆಯಾದದ್ದು ಮುಖವನ್ನು ಮರೆಯದ ಎಚ್ಚರ. ಮನೆಯವರು ಮೊದಲು ಗುರುತಿಸುವುದೂ ಅದನ್ನೇ: ಊಟಕ್ಕೆ ಕರೆದಾಗ ತಲೆ ಎತ್ತಿ ನೋಡುವುದನ್ನು, ಎಷ್ಟೋ ದಿನದ ಮೇಲೆ ತಾನಾಗಿ ಒಂದು ಮಾತಾಡುವುದನ್ನು.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಎಲ್ಲಿ ಕೈಯಿಡಬೇಕು, ಎಲ್ಲಿ ತಪ್ಪಿತು ಎಂದು ತಿಳಿಯಲು ಚಿತ್ರಣ ಬೇಕೇ ಬೇಕು. ಗುಣವಾಯಿತೇ ಎಂಬ ಪ್ರಶ್ನೆಗೆ ಅದರ ಉತ್ತರ ಸಾಲದು. ನಕ್ಷೆ ಹಿಡಿದು ಇಳಿಸಿದ ತಂತಿಯೂ ಬ್ರಾಡೆನ್‌ನಷ್ಟೇ ಕಠಿಣವಾದ ಹೋಲಿಕೆಯ ಪರೀಕ್ಷೆಗೆ ಒಳಗಾಗಬೇಕು. ತಲೆಬುರುಡೆ ಕೊರೆಯಲು ಒಪ್ಪುವಷ್ಟು ಸೋತುಹೋದ ಜೀವಕ್ಕೆ ಅಷ್ಟಾದರೂ ಖಾತ್ರಿ ಸಲ್ಲಬೇಕು.