ಗೋದಾಮಿನಲ್ಲಿ ಸಿಕ್ಕ ಸಾಕ್ಷಿ

ಹಳೇ ಅಮೆರಿಕದ ಕೊಲೆ-ಪತ್ತೇದಾರಿ ಚಿತ್ರಗಳ ಪೋಸ್ಟರು, ರೀಲು ಅಂದ್ರೆ ಸಂಗ್ರಹಕಾರರು ದುಡ್ಡು ಸುರೀತಾರೆ. ‘ಅಪರೂಪದ್ದು’ ಅನ್ನೋದೇ ಅದರ ಬೆಲೆ. ಗೆಳೆಯರೇ, ಅದು ಅಪರೂಪ ಆದದ್ದಾದರೂ ಯಾಕೆ?

ಆಸ್ಕರ್ ಮಿಶೋ 1935ರಲ್ಲಿ ತೆಗೆದ ‘ಮರ್ಡರ್ ಇನ್ ಹಾರ್ಲೆಮ್’ ತಗೊಳ್ಳಿ. ಮಿಶೋನ ಅಪ್ಪ ಗುಲಾಮನಾಗಿ ಹುಟ್ಟಿದವನು. ಮಗ ರೈಲಿನಲ್ಲಿ ಪೋರ್ಟರ್ ಆಗಿ ದುಡಿದ, ಉತ್ತ, ತಾನೇ ಬರೆದ ಪುಸ್ತಕವನ್ನು ಮನೆಮನೆಗೆ ಹೊತ್ತು ಮಾರಿದ. 1919ರಿಂದ ಸಿನಿಮಾಕ್ಕೆ ಕೈಹಾಕಿ ಸುಮಾರು ನಲವತ್ತು ಚಿತ್ರ ತೆಗೆದ. ಅವನ ಮೂಕಿ ಚಿತ್ರಗಳಲ್ಲಿ ಇವತ್ತು ಉಳಿದಿರುವುದು ಮೂರೇ. ಕಪ್ಪು ಜನಕ್ಕೆ ಬೇರೆ ಥಿಯೇಟರು, ಬೆರಳೆಣಿಕೆಯ ಪ್ರಿಂಟುಗಳು. ಇವನ್ನು ಕಾಪಾಡಬೇಕು ಅಂತ ಯಾವ ದೊಡ್ಡ ಸ್ಟುಡಿಯೋಗೂ ಅನ್ನಿಸಲಿಲ್ಲ. ಈ ಚಿತ್ರದ ಪ್ರಿಂಟು 1983ರಲ್ಲಿ ಟೆಕ್ಸಾಸಿನ ಟೈಲರ್ ಊರಿನ ಗೋದಾಮೊಂದರಲ್ಲಿ ಸಿಕ್ಕ ಡಬ್ಬಿಗಳಲ್ಲಿತ್ತು.

ಕತೆ ಇಷ್ಟು. ಕಾರ್ಖಾನೆಯ ರಾತ್ರಿ ಕಾವಲುಗಾರ, ಕಪ್ಪು ಮನುಷ್ಯ, ಒಬ್ಬ ಬಿಳಿ ಹೆಂಗಸಿನ ಹೆಣ ನೋಡುತ್ತಾನೆ. ತಾನೇ ಪೊಲೀಸರಿಗೆ ತಿಳಿಸುತ್ತಾನೆ. ತಾನೇ ಆರೋಪಿಯಾಗುತ್ತಾನೆ! ಇಲ್ಲಿ ನಾನು ಚಿತ್ರ ನಿಲ್ಲಿಸಿ ಎದ್ದು ಹೊರಗೆ ಹೋದೆ. ನಮ್ಮಪ್ಪ ರೈಸ್ ಮಿಲ್ಲೊಂದರಲ್ಲಿ ರಾತ್ರಿ ಕಾವಲಿದ್ದವನು. ಮೂಟೆ ಕಡಿಮೆಯಾದ ದಿನ ಮೊದಲು ಕೂಗುತ್ತಿದ್ದದ್ದು ಅವನ ಹೆಸರನ್ನೇ.

ನಟನೆ ಬಿಗಿ, ಮಾತು ಸರಿಯಾಗಿ ಕೇಳಿಸಲ್ಲ. ಸಂಗ್ರಹಕಾರನಿಗೆ ಆ ಗೀರು, ಆ ಗರಗರವೇ ಚಂದ. ನನಗೆ ಹಿಡಿಸಿದ್ದು ಲೆಮ್ ಹಾಕಿನ್ಸ್. ಕಸ ಗುಡಿಸುವ ಈತ ಯಜಮಾನ ಹೇಳಿದನೆಂದು ಹೆಣ ಸಾಗಿಸುತ್ತಾನೆ, ಚೀಟಿ ಬರೆಯುತ್ತಾನೆ. ಅಲೆಕ್ ಲವ್‌ಜಾಯ್ ಅವನನ್ನು ನಗಿಸುವವನಾಗಿ ಆಡಿದ್ದಾನೆ. ಆ ನಗೆಯೊಳಗಿನ ಹೆದರಿಕೆ ಕಂಡೋರಿಗೆ ನಗು ಬರಲ್ಲ.

ಆದರೆ ಒಂದು ಮಾತು ನುಂಗೋಕಾಗಲ್ಲ. ಕತೆಯ ಬೇರು 1913ರ ಅಟ್ಲಾಂಟಾದಲ್ಲಿದೆ. ಪೆನ್ಸಿಲ್ ಕಾರ್ಖಾನೆಯಲ್ಲಿ 13 ವರ್ಷದ ಮೇರಿ ಫೇಗನ್ ಎಂಬ ಹುಡುಗಿಯ ಕೊಲೆಯಾಯಿತು. ಅಲ್ಲೂ ಮೊದಲು ಸಿಕ್ಕಿಬಿದ್ದವನು ಕಪ್ಪು ಕಾವಲುಗಾರನೇ. ಶಿಕ್ಷೆಯಾದದ್ದು ಮಾತ್ರ ಮೇಲ್ವಿಚಾರಕ ಲಿಯೋ ಫ್ರಾಂಕ್‌ಗೆ, ಒಬ್ಬ ಯಹೂದಿಗೆ. ಗವರ್ನರ್ ಮರಣದಂಡನೆ ತಪ್ಪಿಸಿದರೂ 1915ರಲ್ಲಿ ಬಿಳಿಯರ ಗುಂಪು ಅವನನ್ನು ಜೈಲಿಂದ ಎಳೆದೊಯ್ದು ನೇಣಿಗೆ ಹಾಕಿತು. ಅವನು ನಿರಪರಾಧಿ ಅಂತ ಬಹುತೇಕ ಇತಿಹಾಸಕಾರರ ಮತ. ಮಿಶೋ ಕೊಲೆಗಾರನನ್ನು ಬದಲಿಸಿ, ಹೆಂಗಸಿನ ಬಿಳಿ ಪ್ರಿಯಕರನನ್ನು ತಂದ. ಆದರೂ ಯಜಮಾನನ ಮೇಲಿನ ಕಪ್ಪು ಮಸಿಯನ್ನು ಪೂರ್ತಿ ತೊಳೆಯಲಿಲ್ಲ. ನೇಣಿನ ಹಗ್ಗವಂತೂ ಚಿತ್ರದಲ್ಲಿ ಕಾಣೋದೇ ಇಲ್ಲ. ಜನರನ್ನು ಮರಕ್ಕೆ ಕಟ್ಟಿ ಕೊಂದದ್ದನ್ನು 1920ರಲ್ಲೇ ತೆರೆಗೆ ತಂದಿದ್ದ ಮನುಷ್ಯ ಇಲ್ಲಿ ಯಾಕೆ ಕಣ್ಣು ಬೇರೆ ಕಡೆ ತಿರುಗಿಸಿದ?

ಇದೇ ಕತೆಯನ್ನು ಮಿಶೋ 1921ರಲ್ಲೂ ಮೂಕಿಯಾಗಿ ತೆಗೆದಿದ್ದ, ‘ದಿ ಗನ್ಸಾಲಸ್ ಮಿಸ್ಟರಿ’ ಅಂತ. ಅದು ಕಳೆದುಹೋಗಿದೆ. ಎಲ್ಲಾದರೂ ಡಬ್ಬಿ ಸಿಕ್ಕೀತು ಅನ್ನೋ ಆಸೆ ಈಗ ನನಗೂ ಹತ್ತಿದೆ.