ಮಾರಿದ ಮನೆಯಲ್ಲೊಂದು ಬೀಗ ಹಾಕಿದ ಕೋಣೆ

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಬಂದ ಹಣವನ್ನೆಲ್ಲ ಕೂಡಿಟ್ಟು ಒಂದು ವಿಡಿಯೋ ಗೇಮ್ ಕೊಂಡಿದ್ದ. ಸಂಭ್ರಮದಿಂದ ಅದನ್ನು ನನಗೆ ತೋರಿಸುತ್ತಿದ್ದವನು ಒಂದೆಡೆ ಸುಮ್ಮನಾದ. ಪರದೆಯ ಮೇಲೆ ಸಾಲಾಗಿ ನಿಂತಿದ್ದ ಪಾತ್ರಗಳಲ್ಲಿ ಕೆಲವಕ್ಕೆ ಬೀಗದ ಚಿತ್ರವಿತ್ತು. ಕೆಳಗೆ ಬೆಲೆ ನಮೂದಾಗಿತ್ತು. “ಮಾವ, ಆಟಕ್ಕೆ ದುಡ್ಡು ಕೊಟ್ಟಾಗಿದೆಯಲ್ಲ, ಮತ್ತೆ ಇವು ಯಾರದ್ದು?” ಎಂದು ಕೇಳಿದ. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಓದುಗರೇ, ಆ ಹುಡುಗನ ಪ್ರಶ್ನೆಯನ್ನೇ ನಿಮ್ಮ ಮುಂದಿಟ್ಟು ಈ ಬರಹವನ್ನು ಆರಂಭಿಸುತ್ತಿದ್ದೇನೆ.

ವಿಡಿಯೋ ಗೇಮ್‌ಗಳ ಪರಿಚಯವಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ ಅಗತ್ಯ. ಹಿಂದೆ ಇಂಥ ಆಟವೊಂದನ್ನು ಕೊಂಡರೆ ಅದು ಪುಸ್ತಕವನ್ನು ಕೊಂಡಂತೆಯೇ ಆಗಿತ್ತು. ಪೆಟ್ಟಿಗೆಯಲ್ಲಿ ಇದ್ದದ್ದೆಲ್ಲ ಕೊಂಡವನದು. ಅಂತರ್ಜಾಲ ಮನೆಮನೆಗೆ ಬಂದ ಮೇಲೆ, ಆಟ ಮಾರಾಟವಾದ ನಂತರವೂ ಅದಕ್ಕೆ ಹೊಸ ಭಾಗಗಳನ್ನು ಸೇರಿಸಿ ಮಾರುವ ದಾರಿ ತೆರೆಯಿತು. ಈ ಹೆಚ್ಚುವರಿ ಭಾಗಗಳಿಗೆ ಆಟಗಾರರ ವಲಯದಲ್ಲಿ ‘ಡಿಎಲ್‌ಸಿ’ ಎಂಬ ಹೆಸರು ರೂಢಿಯಲ್ಲಿದೆ. 2006ರಲ್ಲಿ ಬೆಥೆಸ್ಡಾ ಸಂಸ್ಥೆಯು ‘ಒಬ್ಲಿವಿಯನ್’ ಎಂಬ ತನ್ನ ಆಟದಲ್ಲಿ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿದಾಗ ಆಟಗಾರರು ನಕ್ಕರು, ಸಿಟ್ಟಾದರು. ಆದರೆ ಆ ಕವಚವಿಲ್ಲದಿದ್ದರೆ ಕಥೆಗೇನೂ ಕುಂದಿರಲಿಲ್ಲ. ಅದು ಆಡಂಬರದ ವಸ್ತು. ಬೇಕಾದವರು ಕೊಳ್ಳಬಹುದಿತ್ತು, ಬೇಡದವರು ಬಿಡಬಹುದಿತ್ತು.

ನಿಜವಾದ ವಿವಾದ ಎದ್ದದ್ದು 2012ರಲ್ಲಿ. ಆ ವರ್ಷ ಮಾರ್ಚ್ 6ರಂದು, ಒಂದೇ ದಿನ, ಎರಡು ದೊಡ್ಡ ಆಟಗಳು ಅಮೆರಿಕದ ಮಾರುಕಟ್ಟೆಗೆ ಬಂದವು. ಒಂದು, ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯ ‘ಸ್ಟ್ರೀಟ್ ಫೈಟರ್ ಎಕ್ಸ್ ಟೆಕ್ಕೆನ್’. ಇನ್ನೊಂದು, ಕೆನಡಾದ ಬಯೋವೇರ್ ನಿರ್ಮಿಸಿ ಎಲೆಕ್ಟ್ರಾನಿಕ್ ಆರ್ಟ್ಸ್ ಪ್ರಕಟಿಸಿದ ‘ಮಾಸ್ ಎಫೆಕ್ಟ್ 3’. ಪ್ರಕಾಶಕರು ಸಿದ್ಧವಾದುದನ್ನು ಬೇಕೆಂದೇ ತಡೆಹಿಡಿದು ಆಮೇಲೆ ಮಾರುತ್ತಾರೆಯೇ ಎಂಬ ಪ್ರಶ್ನೆಗೆ ಇವೆರಡಕ್ಕಿಂತ ಒಳ್ಳೆಯ ಉದಾಹರಣೆಗಳು ದೊರೆಯಲಾರವು.

ಮೊದಲನೆಯದು ಕಾಳಗದ ಆಟ. ಇಲ್ಲಿ ಕಾದಾಳುಗಳೇ ಆಟದ ಜೀವಾಳ. ಡಿಸ್ಕನ್ನು ಕೆದಕಿ ನೋಡಿದ ಆಟಗಾರರಿಗೆ, ಮುಂದೆ ಪ್ರತ್ಯೇಕವಾಗಿ ಮಾರಲಿದ್ದ 12 ಕಾದಾಳುಗಳು ಅದರೊಳಗೇ ಬೀಗ ಹಾಕಿಕೊಂಡು ಕುಳಿತಿರುವುದು ಕಂಡುಬಂತು. ಡಿಸ್ಕ್ ಅವರ ಕೈಯಲ್ಲಿತ್ತು, ಬೀಗದ ಕೀಲಿ ಮಾತ್ರ ಕಂಪನಿಯ ಬಳಿ ಉಳಿದಿತ್ತು. ದೂರುಗಳು ಬಂದಾಗ ಕ್ಯಾಪ್‌ಕಾಮ್ ಎರಡು ಸಮಾಧಾನಗಳನ್ನು ನೀಡಿತು. ಕೊಂಡವರೂ ಕೊಳ್ಳದವರೂ ಎದುರುಬದುರಾಗಿ ಆಡುವಾಗ ತೊಡಕಾಗದಿರಲು ಪಾತ್ರಗಳು ಎಲ್ಲರ ಡಿಸ್ಕಿನಲ್ಲೂ ಇರಬೇಕಾಯಿತು ಎಂಬುದು ಒಂದು. ಡಿಸ್ಕಿನಲ್ಲಿ ಬೀಗ ಹಾಕಿಟ್ಟು ಕೊಡುವುದಕ್ಕೂ ಅಂತರ್ಜಾಲದಿಂದ ಇಳಿಸಿಕೊಡುವುದಕ್ಕೂ ತಲುಪಿಸುವ ವಿಧಾನದ ಹೊರತು ಬೇರೆ ವ್ಯತ್ಯಾಸವಿಲ್ಲ ಎಂಬುದು ಇನ್ನೊಂದು. ಇಷ್ಟು ಹೇಳಿದರೂ, ಕೆಲವೇ ತಿಂಗಳಲ್ಲಿ ಈ ಪದ್ಧತಿಯನ್ನು ಮರುಪರಿಶೀಲಿಸುವುದಾಗಿ ಅದೇ ಸಂಸ್ಥೆ ಒಪ್ಪಿಕೊಂಡಿತು.

ಜನರ ಕೋಪ ಸಹಜವಾದುದು. ಆದರೆ ಕಂಪನಿಯ ಎರಡನೆಯ ಮಾತನ್ನು ನಾವು ಸುಮ್ಮನೆ ತಳ್ಳಿಹಾಕುವಂತಿಲ್ಲ. ಡಿಸ್ಕಿನಲ್ಲಿ ಇಡದೆ, ತಮ್ಮ ಕಪಾಟಿನಲ್ಲೇ ಇಟ್ಟುಕೊಂಡು, ನಾಲ್ಕು ತಿಂಗಳ ನಂತರ ಕಳುಹಿಸಿದ್ದರೆ ಆಟಗಾರನಿಗೆ ಆದ ನಷ್ಟ ಕಡಿಮೆಯಾಗುತ್ತಿತ್ತೇ? ಇಲ್ಲ, ಅವನಿಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೆ. ಆದ್ದರಿಂದ ‘ಡಿಸ್ಕಿನ ಮೇಲಿತ್ತೇ?’ ಎಂಬ ಪ್ರಶ್ನೆ ನಮ್ಮನ್ನು ಬಹುದೂರ ಕೊಂಡೊಯ್ಯುವುದಿಲ್ಲ. ಕದ್ದ ವಸ್ತು ಸಿಕ್ಕ ಜಾಗವನ್ನೇ ಕಳ್ಳತನವೆಂದು ಭಾವಿಸಿದಂತಾಗುತ್ತದೆ.

‘ಮಾಸ್ ಎಫೆಕ್ಟ್ 3’ರ ಸಂಗತಿ ಇನ್ನೂ ಸೂಕ್ಷ್ಮವಾದುದು. 2007ರಲ್ಲಿ ಆರಂಭವಾದ ಈ ತ್ರಿವಳಿ ಕಥೆಯ ಕೇಂದ್ರದಲ್ಲಿ ಐವತ್ತು ಸಾವಿರ ವರ್ಷಗಳ ಹಿಂದೆ ಅಳಿದುಹೋದ ‘ಪ್ರೋಥಿಯನ್’ ಎಂಬ ಜನಾಂಗದ ರಹಸ್ಯವಿದೆ. ಮೂರನೆಯ ಆಟ ಬಿಡುಗಡೆಯಾದ ದಿನವೇ ಆ ಜನಾಂಗದ ಕಟ್ಟಕಡೆಯವನಾದ ಜಾವಿಕ್ ಎಂಬ ಪಾತ್ರವನ್ನು ಹತ್ತು ಡಾಲರಿಗೆ ಪ್ರತ್ಯೇಕವಾಗಿ ಮಾರಾಟಕ್ಕಿಡಲಾಯಿತು. ದುಬಾರಿ ಆವೃತ್ತಿಯನ್ನು ಕೊಂಡವರಿಗೆ ಅವನು ಉಚಿತ. ಅವನ ಕೆಲವು ಅಂಶಗಳು ಮೂಲ ಡಿಸ್ಕಿನಲ್ಲೇ ಇದ್ದವು ಎಂಬುದೂ ಬಯಲಾಯಿತು.

ನಿರ್ಮಾಪಕರ ವಿವರಣೆ ಹೀಗಿತ್ತು: ಆಟ ಮುಗಿದ ಮೇಲೆ ದೋಷಪರಿಶೀಲನೆ, ಪ್ರಮಾಣೀಕರಣ, ಡಿಸ್ಕುಗಳ ಮುದ್ರಣ, ಸಾಗಣೆ ಇವಕ್ಕೆ ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಆ ಅವಧಿಯಲ್ಲಿ ಬೇರೊಂದು ತಂಡ ಹೆಚ್ಚುವರಿ ಭಾಗವನ್ನು ಪೂರ್ಣಗೊಳಿಸುತ್ತದೆ. ಪಾತ್ರ ಆಟದೊಳಗೆ ಹೊಂದಿಕೊಳ್ಳಬೇಕಾದ್ದರಿಂದ ಅದರ ಚೌಕಟ್ಟನ್ನು ಮೊದಲೇ ಡಿಸ್ಕಿನಲ್ಲಿ ಇರಿಸಬೇಕಾಗುತ್ತದೆ. ಇದು ನಂಬಲರ್ಹವಾದ ಮಾತು. ಮೂರು ತಿಂಗಳು ಚಿತ್ರಕಾರರನ್ನೂ ಬರಹಗಾರರನ್ನೂ ಕೈಕಟ್ಟಿ ಕೂರಿಸಲಾಗದು. ಬಿಡುಗಡೆಯ ದಿನವೇ ಮಾರಾಟಕ್ಕೆ ಬಂದದ್ದೆಲ್ಲ ಮೂಲದಿಂದ ಕತ್ತರಿಸಿದ್ದು ಎನ್ನುವುದು ಅವಸರದ ತೀರ್ಪು.

ಪ್ರಕಾಶಕರ ಕಷ್ಟವನ್ನೂ ಹೇಳಬೇಕು. ಅಮೆರಿಕದಲ್ಲಿ ದೊಡ್ಡ ಆಟಗಳ ಬೆಲೆ 2005ರ ಸುಮಾರಿನಿಂದ 2020ರವರೆಗೆ ಅರವತ್ತು ಡಾಲರಿನಲ್ಲೇ ನಿಂತಿತ್ತು. ತಯಾರಿಕೆಯ ವೆಚ್ಚ ಮಾತ್ರ ಏರುತ್ತಲೇ ಹೋಯಿತು. ಒಮ್ಮೆ ಮಾರಿದ ಡಿಸ್ಕ್ ಹಳೆಯ ಸರಕಿನ ಅಂಗಡಿಯಲ್ಲಿ ಹತ್ತು ಕೈ ಬದಲಾದರೂ ನಿರ್ಮಿಸಿದವರಿಗೆ ಮತ್ತೆ ಕಾಸು ಬರುತ್ತಿರಲಿಲ್ಲ. ದುಡಿದವನಿಗೆ ಕೂಲಿ ಸಲ್ಲಬೇಕೆಂಬುದು ನ್ಯಾಯವೇ.

ಆದರೂ ನನ್ನ ಆಕ್ಷೇಪ ಉಳಿಯುತ್ತದೆ. ಜಾವಿಕ್ ಯಾವಾಗ ತಯಾರಾದ ಎಂಬುದಕ್ಕೆ ಆ ವಿವರಣೆ ಉತ್ತರ ಕೊಡುತ್ತದೆ. ಅವನನ್ನೇ ಏಕೆ ಹೊರಗಿಟ್ಟರು ಎಂಬುದಕ್ಕೆ ಉತ್ತರ ಕೊಡುವುದಿಲ್ಲ. ಹೆಚ್ಚುವರಿಯಾಗಿ ಮಾರಲು ನೂರು ವಸ್ತುಗಳಿರುವಾಗ, ಕಥೆಯ ಹೊಕ್ಕುಳಬಳ್ಳಿಯಂತಿದ್ದ ಪಾತ್ರವನ್ನೇ ಆರಿಸಿದ್ದು ಗಡಿಯಾರದ ನಿರ್ಬಂಧವಲ್ಲ, ಆಯ್ಕೆ. ಥೆಸಿಯಾ ಎಂಬ ಗ್ರಹದ ದೇಗುಲದಲ್ಲಿ ನಡೆಯುವ ಸನ್ನಿವೇಶವನ್ನು ನೋಡಿ. ಅಲ್ಲಿನ ಜನ ಯುಗಯುಗಗಳಿಂದ ಪೂಜಿಸಿದ ದೇವತೆಯ ಹಿಂದೆ ಇದ್ದವರು ಪ್ರೋಥಿಯನ್ನರೇ ಎಂಬ ಸತ್ಯ ಹೊರಬೀಳುವುದು ಅಲ್ಲಿಯೇ. ಜಾವಿಕ್ ಜೊತೆಗಿದ್ದರೆ ಅದೊಂದು ಜನಾಂಗದ ಸಾಕ್ಷಿಯ ನುಡಿ. ಅವನಿಲ್ಲದಿದ್ದರೆ ಆಟ ಮುಂದುವರಿಯುತ್ತದೆ, ಕಥೆಯೂ ಅರ್ಥವಾಗುತ್ತದೆ, ಆದರೆ ಸಾಕ್ಷಿಯ ಕುರ್ಚಿ ಬರಿದಾಗಿರುತ್ತದೆ. ಕೊಂಡವನಿಗೆ ಅದು ಬರಿದಾಗಿದೆ ಎಂಬುದೂ ತಿಳಿಯದು.

ಇದಕ್ಕಿಂತ ನಿಷ್ಠುರವಾದ ಉದಾಹರಣೆ ಅದೇ ವರ್ಷದ ‘ಅಸುರಾಸ್ ರಾತ್’. ನಮ್ಮ ಪುರಾಣಗಳಿಂದಲೂ ಬೌದ್ಧ ಕಲ್ಪನೆಗಳಿಂದಲೂ ಹೆಸರುಗಳನ್ನು ಎರವಲು ಪಡೆದ ಈ ಜಪಾನೀ ಆಟದಲ್ಲಿ, ಅಸುರನ ಕಥೆಯ ನಿಜವಾದ ಮುಕ್ತಾಯವನ್ನು ನಾಲ್ಕು ಅಧ್ಯಾಯಗಳ ಹೆಚ್ಚುವರಿ ಭಾಗವಾಗಿ ಮಾರಲಾಯಿತು. ಆ ಭಾಗದ ಹೆಸರು ‘ನಿರ್ವಾಣ’! ಕುದುರೆಯ ಕವಚ ಮಾರಿದ್ದನ್ನು ಕಂಡು ನಗಬಹುದು. ಕಥೆಯ ಕೊನೆಯನ್ನೇ ಮಾರಿದ್ದನ್ನು ಕಂಡು ನಗಲಾಗದು.

ಹಾಗಾದರೆ ಎಲ್ಲ ಹೆಚ್ಚುವರಿಯೂ ವಂಚನೆಯೇ? ಖಂಡಿತ ಅಲ್ಲ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ 2015ರಲ್ಲಿ ಹೊರತಂದ ‘ದಿ ವಿಚರ್ 3’ ಇದಕ್ಕೆ ಸಾಕ್ಷಿ. ಸಣ್ಣಪುಟ್ಟ 16 ಸೇರ್ಪಡೆಗಳನ್ನು ಅದು ಉಚಿತವಾಗಿ ಕೊಟ್ಟಿತು. ಎರಡು ದೊಡ್ಡ ಭಾಗಗಳಿಗೆ ಮಾತ್ರ ಹಣ ಪಡೆಯಿತು. ಆ ಎರಡನ್ನು ಆಟದ ಬಿಡುಗಡೆಗೆ ಮುನ್ನವೇ ಘೋಷಿಸಿ ಮುಂಗಡ ಮಾರಾಟಕ್ಕೂ ಇಟ್ಟಿತ್ತು. ಆದರೂ ಯಾರಿಗೂ ಮೋಸಹೋದ ಭಾವನೆ ಬರಲಿಲ್ಲ, ಏಕೆಂದರೆ ಮೂಲ ಆಟ ತನ್ನಷ್ಟಕ್ಕೆ ತಾನೇ ಮುಗಿದಿತ್ತು. ಎರಡನೆಯ ಭಾಗವಾದ ‘ಬ್ಲಡ್ ಅಂಡ್ ವೈನ್’ ಹೊಸ ನಾಡು, ಹೊಸ ಕಥೆ, ಇಪ್ಪತ್ತು ಗಂಟೆಗಳಷ್ಟು ಆಟವನ್ನು ಹೊತ್ತು ಬಂದಿತು. ಅದು ಮನೆಯ ಪಕ್ಕದಲ್ಲಿ ಕಟ್ಟಿದ ಹೊಸ ಮನೆ. ಮಾರಿದ ಮನೆಯೊಳಗಿನ ಕೋಣೆಯಲ್ಲ.

ಆದ್ದರಿಂದ ಓದುಗರೇ, ಒರೆಗಲ್ಲು ಇದೆಂದು ನನಗೆ ತೋರುತ್ತದೆ: ಹೆಚ್ಚುವರಿಯನ್ನು ತೆಗೆದಿಟ್ಟು ಮೂಲವನ್ನು ನೋಡಿ. ಅಲ್ಲಿ ತೂತು ಕಾಣುತ್ತದೆಯೇ? ತೂತಿದ್ದರೆ, ಅದನ್ನು ಮಾರುವ ಮುನ್ನ ನಮಗೆ ಹೇಳಿದರೇ? ತನ್ನ ಸೊತ್ತನ್ನು ಭಾಗಮಾಡಿ ಮಾರುವ ಹಕ್ಕು ಒಡೆಯನಿಗಿದೆ. ಭಾಗವನ್ನು ಕೊಟ್ಟು ಪೂರ್ಣವೆಂದು ನಂಬಿಸುವ ಹಕ್ಕು ಯಾರಿಗೂ ಇಲ್ಲ. ತಡೆಹಿಡಿದದ್ದಕ್ಕಿಂತ ಮುಚ್ಚಿಟ್ಟದ್ದೇ ದೊಡ್ಡ ತಪ್ಪು.

2021ರಲ್ಲಿ ‘ಮಾಸ್ ಎಫೆಕ್ಟ್’ನ ಮೂರೂ ಆಟಗಳನ್ನು ಸೇರಿಸಿ ಪರಿಷ್ಕೃತ ಆವೃತ್ತಿಯನ್ನು ತಂದಾಗ ಜಾವಿಕ್ ಆಟದೊಳಗೇ ಇದ್ದ. ಬೀಗವೂ ಇರಲಿಲ್ಲ, ಪ್ರತ್ಯೇಕ ಬೆಲೆಯೂ ಇರಲಿಲ್ಲ. ಅವನ ಜಾಗ ಎಲ್ಲಿ ಎಂಬುದನ್ನು ಒಂಬತ್ತು ವರ್ಷಗಳ ನಂತರ ಪ್ರಕಾಶಕರೇ ತೋರಿಸಿಕೊಟ್ಟಂತಾಯಿತು.

ಅಕ್ಕನ ಮಗನಿಗೆ ಕೊನೆಗೆ ಇಷ್ಟನ್ನೇ ಹೇಳಿದೆ: “ಬೀಗ ಹಾಕಿದವರು ಕಳ್ಳರೆಂದು ತಿಳಿಯಬೇಡ. ಆದರೆ ಮುಂದಿನ ಸಲ ಕೊಳ್ಳುವ ಮೊದಲು ಒಳಗೆ ಏನಿದೆ, ಏನಿಲ್ಲ ಎಂದು ವಿಚಾರಿಸು. ಕಾಯುವ ತಾಳ್ಮೆಯಿದ್ದರೆ ಪೂರ್ತಿ ಆವೃತ್ತಿ ಬರುವವರೆಗೆ ಕಾದು ನೋಡು.” ಅವನು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಮೊದಲೇ ಹೇಳಿದ್ದರೆ ಆಗುತ್ತಿತ್ತಲ್ಲ ಮಾವ?” ಎಂದ.

ಹೌದು, ಹೇಳಿದ್ದರೆ ಆಗುತ್ತಿತ್ತು.