ಕುಂಡದ ಮಣ್ಣಿನ ಅಳತೆ: ಬೆಂಗಳೂರಿನ ತಾರಸಿ ತರಕಾರಿ ತೋಟದ ವಿಮರ್ಶೆ

ಮನೆಯ ತಾರಸಿ, ಬಾಲ್ಕನಿ ಅಥವಾ ಸಿಮೆಂಟು ಹಾಸಿದ ಅಂಗಳದಲ್ಲಿ ಕುಂಡ, ಗ್ರೋ ಬ್ಯಾಗ್, ಹಳೆಯ ಬಣ್ಣದ ಡಬ್ಬಗಳನ್ನಿಟ್ಟು ತರಕಾರಿ ಬೆಳೆಯುವ ಪದ್ಧತಿಯು ಹಿತ್ತಲನ್ನು ಕಳೆದುಕೊಂಡ ಬೆಂಗಳೂರಿನಲ್ಲಿ ಈಗ ಗಟ್ಟಿಯಾಗಿ ಬೇರೂರಿದೆ. ಕೀಟಶಾಸ್ತ್ರಜ್ಞ ಡಾ. ಬಿ. ಎನ್. ವಿಶ್ವನಾಥ್ ಅವರು ದೀರ್ಘಕಾಲ ನಡೆಸಿದ ತರಬೇತಿಗಳೂ 2011ರಲ್ಲಿ ಆರಂಭವಾದ ‘ಊಟ ಫ್ರಮ್ ಯುವರ್ ತೋಟ’ ಮೇಳಗಳೂ ಕೆಲವರ ಹವ್ಯಾಸವಾಗಿದ್ದ ಇದನ್ನು ಸಾಮುದಾಯಿಕ ಚಟುವಟಿಕೆಯಾಗಿ ಬೆಳೆಸಿವೆ. ಮನೆಗೆ ಬೇಕಾದ ತರಕಾರಿಯೆಲ್ಲ ಮನೆಯಲ್ಲೇ ದೊರೆಯುತ್ತದೆ, ಖರ್ಚು ಉಳಿಯುತ್ತದೆ, ವಿಷರಹಿತ ಆಹಾರ ಸಿಗುತ್ತದೆ ಎಂಬ ಮೂರು ಭರವಸೆಗಳು ಇದರ ಜೊತೆಗೆ ಸಾಮಾನ್ಯವಾಗಿ ಕೇಳಿಬರುತ್ತವೆ. ಇವುಗಳಲ್ಲಿ ಮೊದಲೆರಡು ಪರೀಕ್ಷೆಗೆ ನಿಲ್ಲುವುದಿಲ್ಲ. ಆದರೆ ಅವು ಬಿದ್ದುಹೋದ ಮೇಲೂ ಈ ಪದ್ಧತಿಯ ಬೆಲೆ ಕುಗ್ಗುವುದಿಲ್ಲ ಎಂಬುದು ಪ್ರಸ್ತುತ ವಿಮರ್ಶೆಯ ನಿಲುವು.

ಹೊಲದಲ್ಲಿ ನೆಲವು ತಾನಾಗಿ ಮಾಡುವ ಕೆಲಸಗಳನ್ನೆಲ್ಲ ಕುಂಡದಲ್ಲಿ ಬೆಳೆಗಾರನೇ ಮಾಡಬೇಕಾಗುತ್ತದೆ. ನೆಲದಲ್ಲಿ ಬೇರು ತೇವವನ್ನು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ, ಹೆಚ್ಚಾದ ನೀರು ಕೆಳಗೆ ಇಂಗುತ್ತದೆ, ಎರೆಹುಳು ಮಣ್ಣನ್ನು ಸಡಿಲಗೊಳಿಸುತ್ತದೆ. 20 ಲೀಟರಿನ ಚೀಲದಲ್ಲಿ ಇದಾವುದೂ ತಾನಾಗಿ ನಡೆಯುವುದಿಲ್ಲ. ಕುಂಡದ ತಳದಲ್ಲಿ ಜಲ್ಲಿ ಹರಡಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ಪ್ರಚಲಿತ ಸಲಹೆಯು ಈ ವ್ಯತ್ಯಾಸವನ್ನು ಗಮನಿಸದಿರುವುದರ ಫಲವಾಗಿದೆ. ನೀರು ಬಸಿದು ನಿಂತ ಮೇಲೂ ಕುಂಡದ ತಳಭಾಗದ ಮಣ್ಣು ಪೂರ್ತಿ ತೊಯ್ದೇ ಇರುತ್ತದೆ, ಮತ್ತು ಈ ತೊಯ್ದ ಪದರ ಎಷ್ಟು ದಪ್ಪವೆಂಬುದನ್ನು ಮಣ್ಣಿನ ಕಣಗಳ ಗಾತ್ರ ನಿರ್ಧರಿಸುತ್ತದೆಯೇ ಹೊರತು ಕುಂಡದ ಆಳವಲ್ಲ. ಸಣ್ಣ ರಂಧ್ರಗಳ ಮಣ್ಣಿನಿಂದ ದೊಡ್ಡ ಸಂದುಗಳ ಜಲ್ಲಿಗೆ ನೀರು ಸುಲಭವಾಗಿ ಇಳಿಯದ ಕಾರಣ, ಜಲ್ಲಿ ಹಾಕಿದಾಗ ಆ ಪದರವು ಮೇಲಕ್ಕೆ ಸರಿದು ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ತಳದ ತೂತಿನ ಮೇಲೆ ಮಣ್ಣು ಜಾರದಂತೆ ಒಂದು ಹೆಂಚಿನ ಚೂರು ಇಟ್ಟರೆ ಸಾಕು. ನೀರು ಬಸಿಯುವಂತೆ ಮಾಡಬೇಕಾದುದು ಮಣ್ಣಿನ ಮಿಶ್ರಣವೇ.

ಆ ಮಿಶ್ರಣವನ್ನು ಕೆಂಪು ಮಣ್ಣು, ಕೊಕೊಪೀಟ್ ಮತ್ತು ಕಾಂಪೋಸ್ಟನ್ನು ಸಮಪಾಲಿನಲ್ಲಿ ಬೆರೆಸಿ ತಯಾರಿಸುವುದು ರೂಢಿ. ಕೊಕೊಪೀಟ್ ಎಂದರೆ ತೆಂಗಿನ ಸಿಪ್ಪೆಯಿಂದ ನಾರು ಬಿಡಿಸುವಾಗ ಉದುರುವ ಪುಡಿ. ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡಬಲ್ಲ ಈ ಹಗುರ ವಸ್ತುವಿನಲ್ಲಿ ಸಾರಜನಕವು ನಗಣ್ಯವಾಗಿದ್ದು, ತೊಳೆಯದ ಪುಡಿಯಲ್ಲಿ ಲವಣಾಂಶ ಹೆಚ್ಚಿರುತ್ತದೆ. ಆದ್ದರಿಂದ ಇದನ್ನು ಗೊಬ್ಬರವೆಂದು ಭಾವಿಸಿ ಬಳಸಿದವರ ಗಿಡಗಳು ಹಳದಿಗಟ್ಟುವುದು ಸಹಜ. ಆದರೂ ತಾರಸಿಯ ಮೇಲೆ ಇದು ಅನಿವಾರ್ಯವಾಗಲು ಭಾರದ ಪ್ರಶ್ನೆಯೇ ಕಾರಣ. ಕಟ್ಟಡಗಳ ಮೇಲಿನ ಭಾರವನ್ನು ನಿಗದಿಪಡಿಸುವ ಭಾರತೀಯ ಮಾನಕ 875ರ ಪ್ರಕಾರ ಜನ ಓಡಾಡುವ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕಿಲೋ ಭಾರಕ್ಕೆ ತಕ್ಕಂತೆ ವಿನ್ಯಾಸಗೊಳಿಸಲಾಗುತ್ತದೆ. ಬರಿಯ ಕೆಂಪು ಮಣ್ಣು ತುಂಬಿದ 20 ಲೀಟರಿನ ಚೀಲವೊಂದು ಮಳೆಯಲ್ಲಿ ನೆನೆದಾಗ ಸುಮಾರು 35 ಕಿಲೋ ತೂಗುವುದರಿಂದ, ಒಂದು ಚದರ ಮೀಟರಿನಲ್ಲಿ ಅಂಥ ನಾಲ್ಕು ಚೀಲಗಳಿಟ್ಟರೆ ಅನುಮತಿಸಿದ ಭಾರವೆಲ್ಲ ಮಣ್ಣಿಗೇ ಮುಗಿದು, ಬೆಳೆಗಾರ ನಿಲ್ಲುವುದಕ್ಕೂ ಪಾಲು ಉಳಿಯದು. ಬೀಜದ ಆಯ್ಕೆಗಿಂತ ಮೊದಲು ಮಾಡಬೇಕಾದ ಈ ಸರಳ ಲೆಕ್ಕವನ್ನು ಕಡೆಗಣಿಸುವುದು ಪದ್ಧತಿಯ ಗಂಭೀರ ದೋಷ.

ಬಿಸಿಲಿನ ವಿಚಾರದಲ್ಲಿಯೂ ಸ್ಥಳವನ್ನು ಅರಿಯದ ಸಲಹೆಗಳು ಹಾದಿ ತಪ್ಪಿಸುತ್ತವೆ. ಟೊಮೇಟೊ, ಬದನೆ, ಮೆಣಸಿನಕಾಯಿಯಂಥ ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಸುಮಾರು ಆರು ಗಂಟೆಯ ನೇರ ಬಿಸಿಲು ಬೇಕು. ಸೊಪ್ಪುಗಳು ಮೂರು ನಾಲ್ಕು ಗಂಟೆಯಲ್ಲೂ ತೃಪ್ತಿಪಡುತ್ತವೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮಧ್ಯಾಹ್ನದ ಸೂರ್ಯನು ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನೆತ್ತಿಯಿಂದ ಉತ್ತರಕ್ಕೂ ಉಳಿದ ಕಾಲದಲ್ಲಿ ದಕ್ಷಿಣಕ್ಕೂ ಇರುತ್ತಾನೆ. ಹೀಗಾಗಿ ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿಗೆ ಬಿಸಿಲು ಬೀಳುವ ತಿಂಗಳುಗಳ ಬಹುಪಾಲು ಮೋಡ ಕವಿದ ಮುಂಗಾರಿನಲ್ಲೇ ಕಳೆದುಹೋಗುತ್ತದೆ. ಅಲ್ಲಿ ಟೊಮೇಟೊ ಹಾಕಿ ಸೋತವನಿಗೆ ‘ಕೈಗುಣ ಸಾಲದು’ ಎನ್ನುವುದು ಅನ್ಯಾಯ. ಅದೇ ಜಾಗದಲ್ಲಿ ಒಂದೆಲಗ, ಪುದೀನ, ದೊಡ್ಡಪತ್ರೆ ಸೊಗಸಾಗಿ ಹಬ್ಬುತ್ತವೆ.

ಪದ್ಧತಿಯ ಅತ್ಯಂತ ಕಠಿಣ ಪರೀಕ್ಷೆ ನೀರಿನದು. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಪ್ರಕಟಿಸಿದಾಗ, ನಲ್ಲಿಯನ್ನೇ ನೆಚ್ಚಿದ ತೋಟಗಳ ಅಡಿಪಾಯ ಎಷ್ಟು ದುರ್ಬಲವೆಂಬುದು ಬಯಲಾಯಿತು. ಬೇಸಿಗೆಯಲ್ಲಿ ಒಂದು ದೊಡ್ಡ ಟೊಮೇಟೊ ಗಿಡವೇ ದಿನಕ್ಕೆ ಲೀಟರಿಗಿಂತ ಹೆಚ್ಚು ನೀರು ಕುಡಿಯಬಲ್ಲದು, ಮತ್ತು ಒಂದು ದಿನ ಬಾಡಿಸಿ ಮರುದಿನ ಮುಳುಗಿಸಿದರೆ ಕಾಯಿಯ ಕೆಳತುದಿಯಲ್ಲಿ ಕಪ್ಪು ಮಚ್ಚೆ ಮೂಡುತ್ತದೆ. ಈ ತುದಿಕೊಳೆಗೆ ಮೊಟ್ಟೆಯ ಚಿಪ್ಪಿನ ಪುಡಿ ಹಾಕುವುದು ಜನಪ್ರಿಯ ಮದ್ದು. ಆದರೆ ಕಾಯಿಗೆ ಸುಣ್ಣದಂಶವನ್ನು ಒಯ್ಯುವುದು ಬೇರಿನಿಂದ ಏರುವ ನೀರೇ ಆದ್ದರಿಂದ, ಬಹಳಷ್ಟು ಸಲ ಕೊರತೆಯಿರುವುದು ಸುಣ್ಣದಲ್ಲಲ್ಲ, ನೀರುಣಿಸುವ ನಿಯಮದಲ್ಲಿ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು, ಒಣಗಿದ ಎಲೆಗಳಿಂದ ಮಣ್ಣಿಗೆ ಹೊದಿಕೆ ಹಾಸಿ ನಡೆಸುವ ಮನೆಗಳ ತೋಟಗಳೇ ಅಂಥ ಬೇಸಿಗೆಯನ್ನು ದಾಟಬಲ್ಲವು.

ಇನ್ನು ಇಳುವರಿಯ ಪ್ರಶ್ನೆ. ಒಬ್ಬ ವಯಸ್ಕನು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ವರು ವಯಸ್ಕರ ಮನೆಗೆ ಅದು ದಿನಕ್ಕೆ 1.6 ಕಿಲೋ ಆಗುವುದರಿಂದ, ಹತ್ತಿಪ್ಪತ್ತು ಕುಂಡಗಳಿಂದ ಅದನ್ನು ಪೂರೈಸುವ ಮಾತು ಕನಸೇ ಸರಿ. ಚೀಲ, ಮಿಶ್ರಣ, ಸಸಿಗಳ ಬೆಲೆಯನ್ನು ಸೇರಿಸಿದರೆ ಮೊದಲ ವರ್ಷದ ಟೊಮೇಟೊ ಮಾರುಕಟ್ಟೆಯದಕ್ಕಿಂತ ದುಬಾರಿಯಾಗುವುದೇ ಹೆಚ್ಚು. ಆದರೆ ಸೊಪ್ಪಿನ ಲೆಕ್ಕ ಬೇರೆ. ಒಂದು ಗೇಣು ಆಳದ ಮಣ್ಣಿನಲ್ಲಿ ಬಿತ್ತಿದ ದಂಟು, ಮೆಂತ್ಯ ಸುಮಾರು ಒಂದು ತಿಂಗಳಲ್ಲಿ ಸಾರಿಗೆ ಒದಗುತ್ತವೆ. ಬಸಳೆಯ ಬಳ್ಳಿಗೆ ಒಂದು ಹಂದರ ಕಟ್ಟಿಕೊಟ್ಟರೆ ಚಿವುಟಿದಷ್ಟೂ ಕವಲೊಡೆದು ತಿಂಗಳುಗಟ್ಟಲೆ ಎಲೆ ಕೊಡುತ್ತದೆ. ಕಿತ್ತ ಕೆಲವೇ ಗಂಟೆಗಳಲ್ಲಿ ಬಾಡುವ, ಕೊಳಚೆ ನೀರಿನಲ್ಲಿ ಬೆಳೆದದ್ದೇನೋ ಎಂಬ ಅಳುಕಿನಿಂದಲೇ ನಗರವಾಸಿ ಕೊಳ್ಳುವ ಸೊಪ್ಪನ್ನು ಸ್ವಂತ ಕೈಯಿಂದ ಬೆಳೆದುಕೊಳ್ಳುವುದರಲ್ಲಿ ಮೂರನೆಯ ಭರವಸೆಯು ನಿಜವಾಗುತ್ತದೆ.

ಆದ್ದರಿಂದ ತಾರಸಿ ತೋಟದ ಯಶಸ್ಸನ್ನು ಮೊದಲ ಕೊಯ್ಲಿನ ಬುಟ್ಟಿಯಿಂದ ಅಳೆಯುವ ರೂಢಿ ಬದಲಾಗಬೇಕಾಗಿದೆ. ಬೆಳೆ ಮುಗಿದ ಮೇಲೆ ಕುಸಿದು ಗಟ್ಟಿಯಾದ ಮಣ್ಣನ್ನು ಮೂಲೆಗೆ ಸುರಿದು, ಬಿಸಿಲಿಗೆ ಹರಿದ ಪ್ಲಾಸ್ಟಿಕ್ ಚೀಲವನ್ನು ಕಸಕ್ಕೆ ಹಾಕುವ ತೋಟವು ಎಷ್ಟೇ ಟೊಮೇಟೊ ಕೊಟ್ಟಿದ್ದರೂ ನಗರದ ಕಸಕ್ಕೆ ಮತ್ತೊಂದು ಬಾಬತ್ತು ಸೇರಿಸಿದಂತೆಯೇ. ಅದೇ ಮಣ್ಣನ್ನು ಹರಡಿ ಒಣಗಿಸಿ, ಹಳೆಯ ಬೇರುಗಳನ್ನು ಆರಿಸಿ, ಅಡುಗೆಮನೆಯ ಸಿಪ್ಪೆಗಳಿಂದ ಮಾಗಿದ ಕಾಂಪೋಸ್ಟನ್ನೂ ಒಂದು ಹಿಡಿ ಬೇವಿನ ಹಿಂಡಿಯನ್ನೂ ಬೆರೆಸಿ, ಟೊಮೇಟೊ ಇದ್ದಲ್ಲಿ ಅಲಸಂದೆಯನ್ನು ಬಿತ್ತುವ ಮನೆಯಲ್ಲಿ, ನೆಲ ಮಾಡುತ್ತಿದ್ದ ಕೆಲಸವನ್ನು ಮನುಷ್ಯ ಕಲಿತಿದ್ದಾನೆ. ಎರಡನೆಯ ವರ್ಷದ ಮಣ್ಣು ಮೊದಲನೆಯ ವರ್ಷಕ್ಕಿಂತ ಮೃದುವಾಗಿದೆಯೇ ಎಂಬುದನ್ನು ಬೆರಳಿನಿಂದ ಮುಟ್ಟಿ ನೋಡುವುದೇ ಈ ಪದ್ಧತಿಗೆ ತಕ್ಕ ಅಳತೆಗೋಲು.